ಬಾಡಿಗೆ ಮನೆಯ ವೈರಿಂಗ್: ಯಾವ ಇಸವಿಯ ನಿಯಮ ಲೆಕ್ಕಕ್ಕೆ?

ಹಳೇ ಮನೆಗಳಲ್ಲಿ ಒಂದೇ ಸೂರಿನಡಿ ಮೂರು ಕಾಲದ ವೈರಿಂಗ್ ಇರುವುದುಂಟು. ಪಡಸಾಲೆಯಲ್ಲಿ ಕಟ್ಟಿಗೆ ಪಟ್ಟಿಯ ಮೇಲೆ ಹಾಯ್ದ ವೈರು, ಅಡುಗೆಮನೆಯಲ್ಲಿ ಪಿವಿಸಿ ಪೈಪು, ಮಾಳಿಗೆಯ ಹೊಸ ಕೋಣೆಯಲ್ಲಿ ಗೋಡೆಯೊಳಗಿನ ವೈರಿಂಗ್. ಗಜೇಂದ್ರಗಡದಲ್ಲಿ ಇಂಥ ಮನೆ ಬಾಡಿಗೆಗೆ ಹಿಡಿಯುವವರು ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಕೇಳುತ್ತಾರೆ. ಅರ್ಥಿಂಗ್ ಇದೆಯೇ ಎಂದು ಕೇಳುವವರು ಕಡಿಮೆ.

ಕೇಳಿದರೂ ಮಾಲೀಕರ ಉತ್ತರ ಸಿದ್ಧವಿರುತ್ತದೆ: 'ಆಗಿನ ರೂಲ್ಸ್ ಪ್ರಕಾರನ ಮಾಡ್ಸೀವಿ.' ಆಗಿನದು ಅಂದರೆ ಯಾವುದು? ದೇಶದಲ್ಲಿ ಬಹುಕಾಲ ನಡೆದದ್ದು 1956ರ ಭಾರತೀಯ ವಿದ್ಯುತ್ ನಿಯಮಗಳು. 2003ರ ವಿದ್ಯುತ್ ಕಾಯ್ದೆ ಬಂದ ಮೇಲೂ ಅವೇ ಮುಂದುವರಿದವು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಸುರಕ್ಷತಾ ನಿಯಮಾವಳಿ ತಂದಿತು. 2023ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಇಂದು ತಪಾಸಣೆ ನಡೆದರೆ ನೋಡಬೇಕಾದದ್ದು ಈ 2023ರ ನಿಯಮಾವಳಿಯನ್ನೇ. ವೈರಿಂಗ್ ಹೇಗಿರಬೇಕೆಂಬ ತಾಂತ್ರಿಕ ವಿವರಕ್ಕೆ ಐಎಸ್ 732 ಎಂಬ ಭಾರತೀಯ ಮಾನಕವಿದೆ. 1989ರ ಆವೃತ್ತಿ ಹೋಗಿ 2019ರದ್ದು ಬಂದಿದೆ. ಮಾನಕಕ್ಕೂ ನಿಯಮಾವಳಿಗೂ ತಾಳೆಯಾಗದಿದ್ದರೆ ನಿಯಮಾವಳಿಯದೇ ಮೇಲುಗೈ.

ಆದರೆ ನನ್ನ ಮಟ್ಟಿಗೆ ಇಸವಿಯ ಜಗಳಕ್ಕಿಂತ ದೊಡ್ಡ ಸಮಸ್ಯೆ ಬೇರೆ ಇದೆ. ಬಾಡಿಗೆದಾರ ಬದಲಾದಾಗ ವೈರಿಂಗ್ ಪರೀಕ್ಷೆ ಆಗಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಗೆ ಐದು ವರ್ಷಕ್ಕೊಮ್ಮೆ ಪರೀಕ್ಷಾ ವರದಿ ಕಡ್ಡಾಯ. ನಮ್ಮಲ್ಲಿ ಹೊಸ ಸಂಪರ್ಕ ಕೊಡುವಾಗ, ಲೋಡ್ ಹೆಚ್ಚಿಸುವಾಗ, ಆರು ತಿಂಗಳು ಕಡಿತಗೊಂಡಿದ್ದ ಸಂಪರ್ಕವನ್ನು ಮತ್ತೆ ಜೋಡಿಸುವಾಗ ವಿದ್ಯುತ್ ಕಂಪನಿ ಹೆಸ್ಕಾಂ ತಾನೇ ಪರೀಕ್ಷಿಸಬೇಕು, ಇಲ್ಲವೇ ಲೈಸೆನ್ಸ್ ಇರುವ ಗುತ್ತಿಗೆದಾರರು ಸಹಿ ಮಾಡಿದ ಪರೀಕ್ಷಾ ವರದಿಯನ್ನು ಒಪ್ಪಿಕೊಳ್ಳಬೇಕು. ಉಳಿದಂತೆ ಮೀಟರಿನಿಂದ ಒಳಗಿನದು ಮನೆಯವರ ಹೊಣೆ.

ಹಾಗಾಗಿ ಬಾಡಿಗೆದಾರನ ಬಲವೆಲ್ಲ ಕರಾರು ಪತ್ರದಲ್ಲಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಎರಡು ಮಾತು ಹೇಳುತ್ತದೆ. ಬಾಡಿಗೆದಾರ ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ, ಮಾಲೀಕನಿಗೆ ಗೊತ್ತಿರುವ ಗಂಭೀರ ದೋಷವನ್ನು ಅವನು ತಿಳಿಸಬೇಕು. ಗೋಡೆಯೊಳಗೆ ಸುಟ್ಟ ವೈರು ಇಂಥದೇ ದೋಷ ಎಂದು ಧಾರಾಳವಾಗಿ ವಾದಿಸಬಹುದು. ಎರಡನೆಯದು, ಮಾಲೀಕ ಮಾಡಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟರೂ ತಕ್ಕ ಸಮಯದಲ್ಲಿ ಮಾಡದಿದ್ದರೆ ಬಾಡಿಗೆದಾರನೇ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಗಮನಿಸಿ, 'ಮಾಡಲೇಬೇಕಾದ' ರಿಪೇರಿ. ಅದು ಕರಾರಿನಲ್ಲಿ ಬರೆದಿರದಿದ್ದರೆ ವಾದಕ್ಕೆ ಬಲ ಸಾಲದು. ಅಂಗಡಿಯಲ್ಲಿ ಸಿಗುವ ಹನ್ನೊಂದು ತಿಂಗಳ ಸಿದ್ಧ ಕರಾರಿನಲ್ಲಿ ಈ ಸಾಲು ಇರುವುದು ಅಪರೂಪ. 'ವೈರಿಂಗ್, ಅರ್ಥಿಂಗ್ ದುರಸ್ತಿ ಮಾಲೀಕರದ್ದು' ಎಂದು ಬರೆಸಿ.

ಜೊತೆಗೆ ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರಿಂದ ಪರೀಕ್ಷಾ ವರದಿ ಪಡೆಯಿರಿ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವುದನ್ನು ಬಿಟ್ಟರೆ ವೈರಿಂಗ್ ಕೆಲಸವನ್ನು ಲೈಸೆನ್ಸ್ ಇಲ್ಲದವರು ಮಾಡುವಂತಿಲ್ಲ. ವರದಿಯಲ್ಲಿ ಅರ್ಥಿಂಗ್ ಅಳತೆ ಇರಲಿ, 500 ವೋಲ್ಟಿನ ಮೆಗ್ಗರ್ ಪರೀಕ್ಷೆಯಲ್ಲಿ ಇನ್ಸುಲೇಷನ್ ಕನಿಷ್ಠ 1 ಮೆಗಾಓಮ್ ಬಂದಿರಲಿ. ಕಡಿಮೆ ಲೋಡಿನ ಮನೆಗೆ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ ಸಾಧನ) ಕಡ್ಡಾಯವಲ್ಲ. ಆದರೂ 30 ಮಿಲಿಆಂಪಿಯರಿನದೊಂದು ಹಾಕಿಸುವುದು ಲೇಸು. ಶಾಕ್ ಹೊಡೆದಾಗ ಎಂಸಿಬಿಯನ್ನು ನಂಬಿ ಕೂರುವಂತಿಲ್ಲ.

ಗಜೇಂದ್ರಗಡ ನೇಕಾರರ ಊರು. ಬಾಡಿಗೆ ಮನೆಯಲ್ಲಿ ವಿದ್ಯುತ್ ಮಗ್ಗ ಹಾಕುವವರು ಮೊದಲು ವಿದ್ಯುತ್ ಸಂಪರ್ಕದ ಆರ್.ಆರ್. ನಂಬರು ಯಾವ ಬಳಕೆಗಿದೆ ನೋಡಿಕೊಳ್ಳಿ. ಗೃಹಬಳಕೆಯ ಸಂಪರ್ಕದಲ್ಲಿ ಅನುಮತಿಯಿಲ್ಲದೆ ಮಗ್ಗ ಓಡಿಸಿದರೆ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ಎರಡು ಪಟ್ಟು ದರ ಬೀಳುತ್ತದೆ, ಅದನ್ನು ಬಳಸಿದವರ ಮೇಲೂ ಹಾಕಬಹುದು.

ಸರ್ವಿಸ್ ವೈರು ಅಥವಾ ಮೀಟರಿನಲ್ಲಿ ಕಿಡಿ ಕಂಡರೆ 1912ಕ್ಕೆ ಕರೆ ಮಾಡಿ, ದೂರಿನ ನಂಬರು ಬರೆದಿಟ್ಟುಕೊಳ್ಳಿ. ಒಳಗಿನ ವೈರಿಂಗ್ ಅಪಾಯಕಾರಿಯಾಗಿದ್ದು ಮಾಲೀಕರು ಕಿವಿಗೆ ಹಾಕಿಕೊಳ್ಳದಿದ್ದರೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಫೋಟೊ ಸಮೇತ ಲಿಖಿತ ದೂರು ಕೊಡಿ. ಮಾಲೀಕರಿಗೆ ಕೊಟ್ಟ ನೋಟಿಸಿನ ಪ್ರತಿಯನ್ನೂ ಅದಕ್ಕೆ ಲಗತ್ತಿಸಿ.