ಹಂಚು ಒಡೆದ ಗುಂಡಿಗೆ ಯಾರು ಹೊಣೆ?

ಹತ್ತಿರದ ಗುಂಡಿನ ಅಭ್ಯಾಸದ ಮೈದಾನದಿಂದ ಹಾರಿಬಂದು, ಅಡುಗೆಮನೆಯ ಹಂಚು ಒಡೆದು ಅಕ್ಕಿ ಡಬ್ಬದ ಪಕ್ಕ ಬಿದ್ದ ಗುಂಡನ್ನು ನಿಮ್ಮ ಅತ್ತೆಯವರು ಎತ್ತಿಟ್ಟಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಇನ್ನು ಯಾರೂ ಅದನ್ನು ಮುಟ್ಟಬೇಡಿ, ತೊಳೆಯಬೇಡಿ. ಹಂಚಿನ ತೂತು, ಗುಂಡು ಬಿದ್ದ ಜಾಗದ ಫೋಟೊ ತೆಗೆದು ಇವತ್ತೇ ಠಾಣೆಗೆ ದೂರು ಕೊಡಿ. ಮಹಜರಿನಲ್ಲಿ ಗುಂಡು ಸೇರಲೇಬೇಕು. ಅದು ಯಾವ ಬಂದೂಕಿನದು ಎಂದು ಪತ್ತೆಹಚ್ಚುವುದು ವಿಧಿವಿಜ್ಞಾನ ಪ್ರಯೋಗಾಲಯದ ಕೆಲಸ.

‘ಯಾರಿಗೂ ಗಾಯವಾಗಿಲ್ಲವಲ್ಲ’ ಎಂದು ಪೊಲೀಸರು ಸಾಗಹಾಕಿದರೆ ಒಪ್ಪಬೇಡಿ. ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಡಿ, ನಿರ್ಲಕ್ಷ್ಯದಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ತಂದದ್ದೇ ಅಪರಾಧ. ತಮಿಳುನಾಡಿನ ನಾರ್ತಾಮಲೈಯಲ್ಲಿ 2021ರ ಡಿಸೆಂಬರಿನಲ್ಲಿ ಅಭ್ಯಾಸದ ಗುಂಡು 11 ವರ್ಷದ ಹುಡುಗನ ತಲೆ ಹೊಕ್ಕಿತು. ಕೆಲವೇ ದಿನಗಳಲ್ಲಿ ಮಗು ತೀರಿಕೊಂಡಿತು. ನಿಮ್ಮ ಮನೆಯಲ್ಲಿ ಗುಂಡು ಅಕ್ಕಿ ಡಬ್ಬದ ಪಕ್ಕ ಬಿದ್ದದ್ದು ಬರೀ ಅದೃಷ್ಟ.

ಗುಂಡು ಹಾರಿಸಿದವರಷ್ಟೇ ಅಲ್ಲ, ಗುರಿಯ ಹಿಂದಿನ ಮಣ್ಣದಿಬ್ಬ ತಗ್ಗಾಗಿದ್ದರೂ ಅಭ್ಯಾಸ ನಡೆಸಿದವರೂ ಹೊಣೆಗಾರರಾಗಬಹುದು. ನಷ್ಟಪರಿಹಾರ, ತಡೆಯಾಜ್ಞೆ ಎರಡನ್ನೂ ಸಿವಿಲ್ ಕೋರ್ಟಿನಲ್ಲಿ ಕೇಳಬಹುದು. ಮೈದಾನ ಸರ್ಕಾರದ್ದಾದರೆ ದಾವೆಗೆ ಎರಡು ತಿಂಗಳು ಮುಂಚೆ ನೋಟಿಸು ಕೊಡಬೇಕು. ಆದರೆ ಅಲ್ಲಿ ಈಗಲೂ ಗುಂಡು ಹಾರುತ್ತಿದ್ದರೆ, ತುರ್ತು ಎಂದು ಕೋರ್ಟಿನ ಅನುಮತಿ ಪಡೆದು ನೇರವಾಗಿ ಹೋಗಿ. ಅಲ್ಲಿಯವರೆಗೆ ಮಕ್ಕಳನ್ನು ಆ ಬದಿಯ ಕೋಣೆಯಲ್ಲಿ ಮಲಗಿಸಬೇಡಿ.