ಹೆಬ್ಬಾವಿಗೂ ಮುಪ್ಪು: ಮಾಂಟಿ ಪೈಥಾನ್ ತಂಡದಿಂದ ನಾನು ಕಲಿತದ್ದು

ಬೆಂಗಳೂರಿನಲ್ಲಿ ಪೈಥಾನ್ ಅಂದರೆ ಹುಡುಗರು ಲ್ಯಾಪ್‌ಟಾಪ್ ತೆಗೆಯುತ್ತಾರೆ. ಆ ಕಂಪ್ಯೂಟರ್ ಭಾಷೆಗೆ ಹೆಸರು ಬಂದದ್ದು ಹಾವಿನಿಂದಲ್ಲ, ಬ್ರಿಟನ್ನಿನ ಮಾಂಟಿ ಪೈಥಾನ್ ಎಂಬ ನಗೆತಂಡದಿಂದ ಅಂದರೆ ನಂಬುವುದಿಲ್ಲ. ನಮ್ಮ ಹವ್ಯಾಸಿ ತಂಡ ನಗೆನಾಟಕ ಆಡಲು ಶುರುಮಾಡಿ ಇಪ್ಪತ್ತಾರು ವರ್ಷವಾಯಿತು. ಮೊದಮೊದಲು ನಾನು ಮಾಂಟಿ ಪೈಥಾನ್ ನೋಡುತ್ತಿದ್ದದ್ದು ಕದಿಯುವುದಕ್ಕೆ. ಸತ್ತ ಗಿಣಿಯನ್ನು ಅಂಗಡಿಗೆ ವಾಪಸ್ ತರುವ ಗಿರಾಕಿಯ ಪ್ರಹಸನವನ್ನು ಕನ್ನಡಕ್ಕೆ ಇಳಿಸಿದೆ; ಮೊದಲ ಪ್ರಯೋಗದಲ್ಲೇ ಗಿಣಿಯ ಜೊತೆ ನಾಟಕವೂ ಸತ್ತಿತು. ಈಗ ನಮ್ಮಲ್ಲಿ ಒಬ್ಬನಿಗೆ ಬೈಪಾಸ್ ಆಗಿದೆ, ಇಬ್ಬರು ಮೊಮ್ಮಕ್ಕಳನ್ನು ನೋಡಿಕೊಳ್ಳಲು ಅಮೆರಿಕಕ್ಕೆ ಹೋಗಿದ್ದಾರೆ, ಒಬ್ಬ ತೀರಿಕೊಂಡ. ಹಾಗಾಗಿ ಈಚೆಗೆ ಆ ಆರು ಜನ ಹೇಗೆ ಮುದುಕರಾದರು ಅನ್ನುವುದರ ಮೇಲೇ ನನ್ನ ಕಣ್ಣು.

1. ಬೇರೆ ಬೇರೆ ಕೂತು ಬರೆಯಿರಿ, ಒಟ್ಟಿಗೆ ಕೂತು ಓದಿ.

ಜಾನ್ ಕ್ಲೀಸ್ ಮತ್ತು ಗ್ರಹಾಂ ಚಾಪ್‌ಮನ್ ಜೋಡಿಯಾಗಿ ಬರೆಯುತ್ತಿದ್ದರು. ಮೈಕೇಲ್ ಪೇಲಿನ್, ಟೆರ್ರಿ ಜೋನ್ಸ್ ಇನ್ನೊಂದು ಜೋಡಿ. ಎರಿಕ್ ಐಡಲ್ ಒಬ್ಬರೇ. ಅಮೆರಿಕದಿಂದ ಬಂದ ಟೆರ್ರಿ ಗಿಲಿಯಂ ಚಿತ್ರ ಕತ್ತರಿಸಿ ಅನಿಮೇಷನ್ ಮಾಡುತ್ತಿದ್ದರು. ಆಮೇಲೆ ಎಲ್ಲರೂ ಸೇರಿ ಗಟ್ಟಿಯಾಗಿ ಓದುವುದು. ನಗು ಬಂದರೆ ಉಳಿಯಿತು, ಇಲ್ಲದಿದ್ದರೆ ಹೋಯಿತು. ಗಿಣಿಯ ಪ್ರಹಸನದಲ್ಲಿ ಮೊದಲು ಗಿಣಿಯೇ ಇರಲಿಲ್ಲವಂತೆ, ಕೆಟ್ಟುಹೋದ ಟೋಸ್ಟರ್ ಇತ್ತು. ಸುಮ್ಮನೆ ಪೈಪ್ ಸೇದುತ್ತಾ ಕೂತಿರುತ್ತಿದ್ದ ಚಾಪ್‌ಮನ್ ಅದನ್ನು ಗಿಣಿ ಮಾಡಿದರು. ನಾವು ಏಳು ಜನ ಒಂದೇ ಮೇಜಿನ ಸುತ್ತ ಕೂತು ನಾಟಕ ಬರೆಯಲು ಹೋಗಿ, ಮೂರು ತಿಂಗಳಿಗೆ ಕಾಫಿಯ ಬಿಲ್ ಮಾತ್ರ ಬರೆಸಿಕೊಂಡೆವು.

2. ಬಿಟ್ಟುಹೋಗುವವನನ್ನು ಬೈಯಬೇಡಿ.

ಬಿಬಿಸಿಯಲ್ಲಿ 1969ರ ಅಕ್ಟೋಬರ್ 5ರಂದು ಶುರುವಾದ ಅವರ ಸರಣಿ ನಾಲ್ಕು ಕಂತುಮಾಲೆಗಳಲ್ಲಿ 45 ಕಂತು ಓಡಿತು. ಮೂರನೆಯದು ಮುಗಿಯುತ್ತಲೇ ಕ್ಲೀಸ್ ಸಾಕು ಅಂದರು. ನಾಲ್ಕನೆಯದು ಅವರಿಲ್ಲದೆ ಆರೇ ಕಂತಿಗೆ ನಿಂತಿತು. ಆದರೆ ಅದೇ 1974ರಲ್ಲಿ ಸ್ಕಾಟ್ಲೆಂಡಿನಲ್ಲಿ ‘ಹೋಲಿ ಗ್ರೇಲ್’ ಸಿನಿಮಾದ ಚಿತ್ರೀಕರಣಕ್ಕೆ ಕ್ಲೀಸ್ ಹಾಜರಿದ್ದರು. ಕುದುರೆ ತರಿಸಲು ದುಡ್ಡಿಲ್ಲ. ರಾಜ ಆರ್ಥರ್ ಕುಣಿಯುತ್ತ ಬರುತ್ತಾನೆ, ಹಿಂದೆ ಸೇವಕ ಎರಡು ಕರಟ ಬಡಿದು ಗೊರಸಿನ ಸದ್ದು ಮಾಡುತ್ತಾನೆ. ಮುಂದೆ ಕ್ಲೀಸ್ ‘ಫಾಲ್ಟಿ ಟವರ್ಸ್’ ಮಾಡಿದರು, ಹನ್ನೆರಡೇ ಕಂತು. ನಡುವೆ ತಂಡದ ‘ಲೈಫ್ ಆಫ್ ಬ್ರಯಾನ್’ ಸಿನಿಮಾಕ್ಕಾಗಿ ಟುನೀಶಿಯಾಕ್ಕೂ ಬಂದರು. ನಮ್ಮ ತಂಡ ಬಿಟ್ಟು ಧಾರಾವಾಹಿಗೆ ಹೋದ ಗೆಳೆಯನೊಡನೆ ನಾನು ಎರಡು ವರ್ಷ ಮಾತು ಬಿಟ್ಟಿದ್ದೆ. ನಷ್ಟ ನನಗೇ ಆಯಿತು, ಅವನಷ್ಟು ಚೆನ್ನಾಗಿ ಮಾವನ ಪಾತ್ರ ಮಾಡುವವರು ಮತ್ತೆ ಸಿಗಲಿಲ್ಲ.

3. ಕಾಗದ ಪತ್ರ ಸರಿಯಿರಲಿ.

ನಗಿಸುವವರಿಗೆ ಇದು ಬೇಸರದ ಮಾತು, ಗೊತ್ತು. 1975ರಲ್ಲಿ ಅಮೆರಿಕದ ಎಬಿಸಿ ವಾಹಿನಿ ಇವರ ಕಂತುಗಳನ್ನು ಒಂದೂವರೆ ಗಂಟೆಯ ಕಾರ್ಯಕ್ರಮ ಮಾಡುವಾಗ 90 ನಿಮಿಷದಲ್ಲಿ 24 ನಿಮಿಷ ಕತ್ತರಿಸಿ ಹಾಕಿತು. ತಂಡ ಕೋರ್ಟಿಗೆ ಹೋಯಿತು. ಅನುಮತಿ ಇಲ್ಲದೆ ಹೀಗೆ ಕತ್ತರಿಸುವಂತಿಲ್ಲ ಅನ್ನುವ ವಾದವನ್ನು 1976ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಅದೇ ತಂಡ 2013ರಲ್ಲಿ ಲಂಡನ್ನಿನಲ್ಲಿ ಸೋತಿತು. ‘ಹೋಲಿ ಗ್ರೇಲ್’ ಆಧರಿಸಿ ಐಡಲ್ ಬರೆದ ಸಂಗೀತನಾಟಕ ‘ಸ್ಪ್ಯಾಮಲಾಟ್’ 2005ರಲ್ಲಿ ಬ್ರಾಡ್‌ವೇಗೆ ಬಂದು ಟೋನಿ ಪ್ರಶಸ್ತಿ ಗೆದ್ದಿತ್ತು. ಸಿನಿಮಾದ ನಿರ್ಮಾಪಕರು ತಮ್ಮ ಪಾಲು ಕೇಳಿದರು, ಗೆದ್ದರು. ಖರ್ಚೆಲ್ಲ ಸೇರಿ ಸುಮಾರು 8 ಲಕ್ಷ ಪೌಂಡ್ ಎಂದು ಪತ್ರಿಕೆಗಳು ಬರೆದವು. ಎಪ್ಪತ್ತು ದಾಟಿದವರು ಮರುವರ್ಷ ಮತ್ತೆ ಬಣ್ಣ ಹಚ್ಚಿದ್ದಕ್ಕೆ ಈ ಸಾಲವೂ ಒಂದು ಕಾರಣ. ನಮ್ಮದೇ ಒಂದು ನಾಟಕವನ್ನು ಕೇಬಲ್‌ನವರೊಬ್ಬರು ಚಿತ್ರೀಕರಿಸಿಕೊಂಡು ಹೋದರು. ಕಾಗದ ಮಾಡಿಸಿಕೊಂಡಿರಲಿಲ್ಲ. ಆ ಟೇಪು ಇಂದಿಗೂ ನಮ್ಮ ಕೈಗೆ ಬಂದಿಲ್ಲ.

4. ಸತ್ತವನ ಜಾಗವನ್ನು ಖಾಲಿಯೇ ಬಿಡಿ.

ಚಾಪ್‌ಮನ್ ಓದಿದ್ದು ವೈದ್ಯಕೀಯ. ಕುಡಿತ ವಿಪರೀತವಿತ್ತು, ‘ಬ್ರಯಾನ್’ಗೆ ಮುಂಚೆ ಬಿಟ್ಟರು. ಚಿತ್ರದಲ್ಲಿ ನಾಯಕನೂ ಅವರೇ, ಸೆಟ್ಟಿನಲ್ಲಿ ಕಾಯಿಲೆ ಬಿದ್ದವರಿಗೆ ಡಾಕ್ಟರೂ ಅವರೇ. 1989ರ ಅಕ್ಟೋಬರ್ 4ರಂದು, 48ನೆಯ ವಯಸ್ಸಿಗೆ, ಕ್ಯಾನ್ಸರಿನಿಂದ ತೀರಿಕೊಂಡರು. ಮರುದಿನ ತಂಡಕ್ಕೆ ಇಪ್ಪತ್ತು ವರ್ಷ ತುಂಬುವುದಿತ್ತು. ಶ್ರದ್ಧಾಂಜಲಿ ಸಭೆಯಲ್ಲಿ ಕ್ಲೀಸ್ ಗಿಣಿಯ ಪ್ರಹಸನದ ಧಾಟಿಯಲ್ಲೇ ಮಾತಾಡಿದರು. ಸಭೆಯನ್ನು ಬೆಚ್ಚಿಬೀಳಿಸುವ ಇಂಥ ಅವಕಾಶ ಬಿಟ್ಟುಕೊಟ್ಟರೆ ಚಾಪ್‌ಮನ್ ತನ್ನನ್ನು ಕ್ಷಮಿಸುತ್ತಿರಲಿಲ್ಲ ಅನ್ನುವುದು ಅವರ ಲೆಕ್ಕ. 1998ರಲ್ಲಿ ಅಮೆರಿಕದ ಆಸ್ಪೆನ್‌ನ ವೇದಿಕೆಗೆ ಚಾಪ್‌ಮನ್ ಚಿತಾಭಸ್ಮವೆಂದು ಒಂದು ಕುಡಿಕೆ ತಂದಿಟ್ಟರು. ಗಿಲಿಯಂ ಕಾಲು ತಗುಲಿದಂತೆ ಅದನ್ನು ಒದ್ದರು, ಬೂದಿ ಚೆಲ್ಲಿತು, ಉಳಿದವರು ವ್ಯಾಕ್ಯೂಮ್ ಕ್ಲೀನರ್ ಹಿಡಿದು ಎದ್ದರು. ನಮ್ಮ ಮನೆಗಳಲ್ಲಿ ಹೀಗೆ ಮಾಡಿದರೆ ದೊಡ್ಡವರು ಬಾರುಕೋಲು ತೆಗೆಯುತ್ತಾರೆ. ಆದರೂ ಚಾಪ್‌ಮನ್ ಮಾಡುತ್ತಿದ್ದ ಪಾತ್ರಗಳಿಗೆ ಹೊಸಬನೊಬ್ಬನನ್ನು ಕಾಯಂ ಸೇರಿಸಿಕೊಳ್ಳಲು ಅವರು ಹೋಗಲಿಲ್ಲ, ಅದು ನನಗೆ ಹಿಡಿಸಿತು. ನಮ್ಮ ಗೆಳೆಯ ತೀರಿಕೊಂಡ ಮೂರೇ ತಿಂಗಳಿಗೆ ಅವನ ಪಾತ್ರವನ್ನು ಇನ್ನೊಬ್ಬನಿಗೆ ಕೊಟ್ಟೆ. ಹುಡುಗ ಚೆನ್ನಾಗಿಯೇ ಮಾಡಿದ, ಸಭೆ ನಕ್ಕಿತು. ಪಕ್ಕದ ಪರದೆಯ ಹಿಂದೆ ನಿಂತಿದ್ದ ನಾವು ನಾಲ್ವರೂ ನಗಲಿಲ್ಲ.

5. ಮಾತು ಮರೆತವನಿಗೆ ಚೀಟಿ ಕೊಡಿ.

2014ರ ಜುಲೈನಲ್ಲಿ ಲಂಡನ್ನಿನ ಓ2 ಅರೆನಾದಲ್ಲಿ ಐವರೂ ಹತ್ತು ಪ್ರದರ್ಶನ ಕೊಟ್ಟರು. ಮೊದಲ ದಿನದ ಟಿಕೆಟ್ಟು 43.5 ಸೆಕೆಂಡಿನಲ್ಲಿ ಮುಗಿಯಿತು. ಒಬ್ಬ ಹೋದ, ಇನ್ನು ಐವರು ಬಾಕಿ ಅನ್ನುವ ಅರ್ಥದ ಅಡಿಬರಹ. ಅಲ್ಲಿ ಜೋನ್ಸ್‌ಗೆ ಮಾತುಗಳು ಕೈಕೊಡುತ್ತಿದ್ದವು, ಬರೆದಿಟ್ಟುಕೊಂಡು ಓದಿದರು. 2016ರಲ್ಲಿ ಕಾರಣ ಹೊರಬಿತ್ತು: ಮಾತನ್ನೇ ತಿನ್ನುವ ಒಂದು ಬಗೆಯ ಡಿಮೆನ್ಶಿಯಾ. ಸಿನಿಮಾ ನಿರ್ದೇಶಿಸಿದ, ಕವಿ ಚಾಸರ್ ಬಗ್ಗೆ ಪಾಂಡಿತ್ಯದ ಪುಸ್ತಕ ಬರೆದ ಮನುಷ್ಯ ಅವರು. ಪೇಲಿನ್ ಹೋಗಿ ನೋಡಿಬರುತ್ತಿದ್ದರು. ಇಬ್ಬರೂ ಸೇರಿ ಹಿಂದೆ ಬರೆದಿದ್ದ ಪುಸ್ತಕವನ್ನು ಒಮ್ಮೆ ಓದಿ ಹೇಳಿದಾಗ ಜೋನ್ಸ್ ನಕ್ಕರಂತೆ, ಅದೂ ತಾನು ಬರೆದ ಭಾಗಗಳಿಗೆ ಮಾತ್ರ. 2020ರ ಜನವರಿ 21ರಂದು ಅವರೂ ಹೋದರು. ಒಂದು ಕಾಲದಲ್ಲಿ ನಮ್ಮ ತಂಡದಲ್ಲಿ ಪ್ರಾಂಪ್ಟರ್ ಇಡುವುದೇ ಅವಮಾನ. ಈಗ ಇಬ್ಬರಿದ್ದಾರೆ.

6. ಬೇರೊಂದು ಹುಚ್ಚು ಇಟ್ಟುಕೊಳ್ಳಿ.

ಪೇಲಿನ್ ಎಂಬತ್ತು ದಿನದಲ್ಲಿ ಜಗತ್ತು ಸುತ್ತಲು ಹೊರಟು, ದುಬೈನಿಂದ ಮುಂಬಯಿಗೆ ಗುಜರಾತಿ ನಾವಿಕರ ಹಾಯಿಹಡಗಿನಲ್ಲಿ ಬಂದರು. ಗಿಲಿಯಂ ಡಾನ್ ಕ್ವಿಕ್ಸಾಟ್ ಸಿನಿಮಾವನ್ನು 2000ದಲ್ಲಿ ಶುರುಮಾಡಿ, ನೆರೆಯಲ್ಲಿ ಸೆಟ್ಟು ಕಳೆದುಕೊಂಡು, 2018ಕ್ಕೆ ತೆರೆಗೆ ತಂದರು. ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ.

7. ದುಡ್ಡಿನ ಜಗಳ ಮನೆಯೊಳಗೇ ಮುಗಿಯಲಿ.

ಇದೊಂದನ್ನು ಅವರನ್ನು ನೋಡಿ ಮಾಡಬೇಡಿ. 2024ರಲ್ಲಿ ಐಡಲ್, ಎಂಬತ್ತರ ಈ ವಯಸ್ಸಿನಲ್ಲೂ ದುಡಿದೇ ಬದುಕಬೇಕಾಗಿದೆ, ತಂಡದ ವ್ಯವಹಾರ ಹಳ್ಳ ಹಿಡಿದಿದೆ ಅಂತ ಊರಿಗೆಲ್ಲ ಕೇಳುವಂತೆ ಹೇಳಿದರು. ಕ್ಲೀಸ್ ಕೂಡ ಊರಿಗೆಲ್ಲ ಕೇಳುವಂತೆಯೇ ಉತ್ತರ ಕೊಟ್ಟರು. ಯಾರದು ಸರಿ ಅಂತ ಹೇಳುವಷ್ಟು ಲೆಕ್ಕ ನನಗೆ ಬರುವುದಿಲ್ಲ. ಓದಿ ಸಂಕಟವಾಯಿತು, ಅಷ್ಟೇ. ಮರುವಾರವೇ ನಮ್ಮ ತಂಡದ ಹಳೆಯ ಲೆಕ್ಕದ ಪುಸ್ತಕ ತೆಗೆಸಿ, ಯಾರಿಗೆ ಎಷ್ಟು ಬರಬೇಕು ಅಂತ ಬರೆಸಿ, ಅಮೆರಿಕದಲ್ಲಿರುವವರಿಗೂ ಕಳಿಸಿ, ಎಲ್ಲರಿಂದ ಸಹಿ ಹಾಕಿಸಿದೆ. ಖಜಾಂಚಿ ಮಾತ್ರ ಇನ್ನೂ ಹಾಕಿಲ್ಲ.