ಹಿರಿಯರ ದಮ್ಮು: ವಯಸ್ಸಾಯಿತೆಂದು ಸುಮ್ಮನಿರಬೇಡಿ



ಹಸು ಮೇವು ಬಿಟ್ಟರೆ ಅಂದೇ ವೈದ್ಯರನ್ನು ಕರೆಸುತ್ತೀರಿ. ಮನೆಯ ಹಿರಿಯರ ದಮ್ಮಿಗೆ ಮಾತ್ರ ವರ್ಷಗಟ್ಟಲೆ ಕಾಯುತ್ತೀರಿ. ಇದು ಸರಿಯಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಭಾಗದಲ್ಲಿ ಮೆಕ್ಕೆಜೋಳ, ಶೇಂಗಾ ಒಕ್ಕಣೆಯ ಕಾಲಕ್ಕೆ ದೂಳು ಹೆಚ್ಚು. ನಸುಕಿನಲ್ಲಿ ಕೆಮ್ಮು, ಎದೆಯಲ್ಲಿ ಸುಯ್ ಎಂಬ ಸದ್ದು ಇದ್ದರೆ ಅಸ್ತಮಾ ಇರಬಹುದು. 60 ದಾಟಿದ ಮೇಲೂ ಇದು ಹೊಸದಾಗಿ ಬರಬಹುದು. ಹೃದ್ರೋಗದಲ್ಲೂ ಬೀಡಿಯಿಂದ ಕೆಟ್ಟ ಶ್ವಾಸಕೋಶದಲ್ಲೂ ಇವೇ ಲಕ್ಷಣ ಕಾಣುವುದರಿಂದ ವೈದ್ಯರಲ್ಲಿ ಪರೀಕ್ಷೆ ಮಾಡಿಸಿ.

ಅಸ್ತಮಾದಲ್ಲಿ ಶ್ವಾಸನಾಳದ ಒಳಪದರ ಊದಿಕೊಳ್ಳುತ್ತದೆ. ಊತ ಇಳಿಸುವ ಇನ್‌ಹೇಲರನ್ನು ಉಸಿರು ಸರಿಯಿದ್ದ ದಿನವೂ ವೈದ್ಯರು ಹೇಳಿದಂತೆ ಬಳಸಿ, ನಂತರ ಬಾಯಿ ಮುಕ್ಕಳಿಸಬೇಕು. ಇದು ಚಟವಾಗುವುದಿಲ್ಲ. ಕೈ ನಡುಗುವವರಿಗೆ ಸ್ಪೇಸರ್ ಅನುಕೂಲ. ರಕ್ತದೊತ್ತಡದ, ಮಂಡಿನೋವಿನ ಕೆಲವು ಮಾತ್ರೆಗಳು ದಮ್ಮು ಹೆಚ್ಚಿಸಬಲ್ಲವು. ತಾವಾಗಿ ನಿಲ್ಲಿಸದೆ, ನುಂಗುವ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಿ.

ಒಣಮೇವು ಕತ್ತರಿಸುವ, ಕೊಟ್ಟಿಗೆ ಗುಡಿಸುವ ಕೆಲಸ ಕಿರಿಯರು ಮಾಡಲಿ. ಮೇವು ಹಾಕುವ ಮುಂಚೆ ನೀರು ಚಿಮುಕಿಸಿದರೆ ದೂಳು ಅಡಗುತ್ತದೆ. ಸೊಳ್ಳೆಗೆ ಹೊಗೆ ಹಾಕುವಾಗ ಹಿರಿಯರು ದೂರವಿರಲಿ.

ಒಂದು ಮಾತು ಪೂರ್ತಿ ಆಡಲಾಗದಷ್ಟು ದಮ್ಮು ಹತ್ತಿದರೆ, ತುಟಿ ನೀಲಿಗಟ್ಟಿದರೆ, ನೆಟ್ಟಗೆ ಕೂರಿಸಿ, ತುರ್ತು ಇನ್‌ಹೇಲರ್ ಕೊಟ್ಟು, ತಡಮಾಡದೆ 108ಕ್ಕೆ ಕರೆ ಮಾಡಿ.